ಮಾರಿದ ಮನೆಯೊಡನೆ ಉಡುಗೊರೆಯಾಗಿ ಹೋದ ಪಟ್ಟಾಭಿಯವರ ಸನ್ನಡತೆಯ ವಿರುದ್ಧ ಒಂದು ದೂರು

ಮೈಸೂರು ನಗರದ ಲಷ್ಕರ್ ಮೊಹಲ್ಲದಲ್ಲಿ, ಹಿಂದೆ ನನ್ನದಾಗಿದ್ದು ಈಗ ಶ್ರೀ ಆರೋಗ್ಯಪ್ಪನವರದಾಗಿರುವ ಮನೆಯ ಅಟ್ಟ, ಒಲೆಕಟ್ಟೆ, ಹಿತ್ತಿಲಗೋಡೆ ಇವುಗಳ ಏಕಮಾತ್ರ ಅಧಿಪತಿಗಳೂ, ಇಲಿಗಳ ಪಾಲಿಗೆ ಇತ್ತೀಚೆಗೆ ಯಮಸ್ವರೂಪರೂ, ಬೂದುಬಣ್ಣದ ಪಟ್ಟೆಗಳಿಂದ ಶೋಭಿಸುವವರೂ ಆದ ಶ್ರೀಮಾನ್ ಪಟ್ಟಾಭಿಯವರ ನಾಲ್ಕೂ ಪಾದಗಳಿಗೆ, ಒಂಟಿಕೊಪ್ಪಲಿನಿಂದ ದೊರೆಸ್ವಾಮಿಯು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯ ಮಾರ್ಜಾಲರೇ,

ತಾವು ಸುಖವಾಗಿದ್ದೀರೆಂದು ಬಲ್ಲೆ. ನನ್ನ ದೂರು ಇರುವುದೇ ಅಲ್ಲಿ.

ಆದರೆ ದೂರುವವನ ಕೈ ಶುದ್ಧವಾಗಿರಬೇಕಾದ್ದರಿಂದ, ಮೊದಲು ನನ್ನದೊಂದು ಅಪರಾಧವನ್ನು ಯಾರ ಬಲವಂತವೂ ಇಲ್ಲದೆ, ಬುದ್ಧಿ ಸ್ವಾಧೀನದಲ್ಲಿರುವಾಗಲೇ, ಸಾರ್ವಜನಿಕರ ಎದುರಿಗೆ ಒಪ್ಪಿಕೊಳ್ಳುತ್ತೇನೆ. ಈ ವರ್ಷ ಕ್ರೈಸ್ತರ ಪಾಸ್ಕ ಹಬ್ಬ ಕಳೆದ ವಾರದಲ್ಲಿ, ಹಾಡುಹಗಲು, ನನ್ನ ಪೇಟದಿಂದ ಕಿತ್ತು ನೇತಾಡುತ್ತಿದ್ದ ಜರಿಯಂಚನ್ನು ಹರಿದು, ನನಗೆ ಸೇರದ ಒಂದು ಜೀವದ ಕೊರಳಿಗೆ ಕಟ್ಟಿ, ಅದನ್ನು ನನ್ನದೆಂದು ಹೇಳಿ, ಅದರ ಒಪ್ಪಿಗೆ ಕೇಳದೆ ಪರರಿಗೆ ಉಡುಗೊರೆ ಕೊಟ್ಟು, ‘ಎಂಥ ದೊಡ್ಡ ಮನಸ್ಸು’ ಎಂಬ ಹೊಗಳಿಕೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟುಹೋದೆ. ಆ ಜೀವ ತಾವು. ಮಾರಿದವನು ನಾನು, ಜಾಲ ತಮ್ಮದು, ಇಬ್ಬರೂ ಸೇರಿ ಒಂದು ಮಾರ್ಜಾಲವಾದೆವು ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಅಪರಾಧ ಅಪರಾಧವೇ. ಕ್ಷಮೆಯಿರಲಿ.

ಇದನ್ನು ಅಂಚೆಯಲ್ಲಿ ಕಳಿಸದೆ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದೇಕೆ ಎಂದು ತಾವು ಮೀಸೆ ತಿರುವಬಹುದು. ಅಂಚೆಯವನು ಕಾಗದವನ್ನು ಮನೆಯ ಯಜಮಾನರ ಕೈಗೆ ಕೊಡುತ್ತಾನೆ. ಯಜಮಾನರು ಯಾರೆಂಬ ವಿಷಯದಲ್ಲಿ ತಮಗೂ ಆರೋಗ್ಯಪ್ಪನವರಿಗೂ ಭಿನ್ನಾಭಿಪ್ರಾಯವಿರುವುದರಿಂದ ಆ ದಾರಿ ಬೇಡವೆನಿಸಿತು. ಪತ್ರಿಕೆಯಾದರೆ ಶುಕ್ರವಾರದ ಮೀನನ್ನು ಸುತ್ತಿಕೊಂಡಾದರೂ ತಮ್ಮ ಸನ್ನಿಧಿಗೆ ಬಂದೇ ಬರುತ್ತದೆ. ಮೊದಲು ಮೀನನ್ನೂ ಆಮೇಲೆ ನನ್ನನ್ನೂ ಅವಲೋಕಿಸಿದರೆ ಸಾಕು.

ಗಲ್ಲಿಯ ಮನೆಯನ್ನು ಮಾರಿದ ಕಾರಣ ತಮಗೆ ತಿಳಿದದ್ದೇ. ಗಲ್ಲಿಯಲ್ಲಿ ಗಾಳಿಯಾಡುವುದಿಲ್ಲ, ಎಕ್ಸ್‌ಟೆನ್ಷನ್ನಿಗೆ ಹೋಗಿ ಎಂದು ಡಾಕ್ಟರು ಹೇಳಿದರು. ಒಂಟಿಕೊಪ್ಪಲಿನಲ್ಲಿ ನಾವು ಕಟ್ಟಿಸಿದ ಹೊಸ ಮನೆಗೆ ಗಾಳಿ ಎಷ್ಟು ಧಾರಾಳವೆಂದರೆ ಅದು ನೆಂಟರಿಗಿಂತ ಮೊದಲು ಬಂದು, ನೆಂಟರು ಹೋದ ಮೇಲೂ ಉಳಿಯುತ್ತದೆ. ಗಂಡಹೆಂಡಿರು ಜಂಟಿಯಾಗಿ ಬಂದಿದ್ದರೂ ಊರಿನ ಹೆಸರಿನಲ್ಲಿರುವ ಒಂಟಿತನ ಮಾತ್ರ ಸಂಜೆಯ ಹೊತ್ತು ಸ್ವಲ್ಪ ಒತ್ತುತ್ತದೆ. ಗಲ್ಲಿಯ ಮನೆಯನ್ನು ಕೊಂಡವರು ಆರೋಗ್ಯಪ್ಪನವರು. ಮದುವೆ ಮೆರವಣಿಗೆಗಳ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವರು. ಮಡದಿಯ ಹೆಸರು ಕ್ಲಾರಾ. ಈ ಇಬ್ಬರಲ್ಲಿ ಯಾರು ಮೊದಲು ಬಂದದ್ದು ಎಂದು ನಾನು ತಮಾಷೆಗೆ ಕೇಳಿದಾಗ, “ಬೀದೀಲಿ ಇದರ ಸ್ವರ, ಮನೇಲಿ ಅವಳ ಸ್ವರ, ನಂದು ಬರೀ ಉಸಿರು ಕಣ್ರೀ ಮೇಷ್ಟ್ರೇ” ಎಂದ ಸರಸಿಗಳು. ಚರ್ಚಿನ ಗಂಟೆ ಹಾಸಿಗೆಯಲ್ಲಿ ಮಲಗಿಯೇ ಕೇಳಿಸುವಂಥ ಮನೆ ಬೇಕೆಂದು ಕ್ಲಾರಾ ಅವರು ಬಹುಕಾಲ ಹುಡುಕಿಸಿದ್ದರಂತೆ. ನಮ್ಮ ಮನೆಯಲ್ಲಿ ಅದು ಮಲಗಿದವರನ್ನು ಎಬ್ಬಿಸಿಯೇ ಕೇಳಿಸುತ್ತಿತ್ತು. ವ್ಯಾಪಾರ ಕುದುರಿತು.

ಬಿಟ್ಟುಕೊಡುವ ಮನೆಯನ್ನು ಬರಿದಾಗಿ ಬಿಟ್ಟುಕೊಡಬಾರದೆಂಬುದು ನಮ್ಮ ಮನೆಯ ಹೆಂಗಸರ ರೂಢಿ. ಅಂಬುಜಮ್ಮನವರು, ಅಂದರೆ ತಮ್ಮ ಹಳೆಯ ಅನ್ನದಾತೆಯೂ ನನ್ನ ಹಾಲಿ ಯಜಮಾನತಿಯೂ ಆದವರು, ಹೊರಡುವ ದಿನ ಒಲೆಯ ಪಕ್ಕದಲ್ಲಿ ಒಂದು ಕೊಡ ನೀರು ತುಂಬಿಟ್ಟು, ಒಂದು ಬಟ್ಟಲಲ್ಲಿ ಉಪ್ಪು, ಮುತ್ತುಗದೆಲೆಯಲ್ಲಿ ಬೆಲ್ಲದ ಅಚ್ಚು ಇಟ್ಟು, ಬರುವವರ ಮೊದಲ ಅಡಿಗೆಗೆ ಯಾರ ಮನೆಯ ಬಾಗಿಲನ್ನೂ ತಟ್ಟದಂತೆ ಮಾಡಿಬಿಟ್ಟರು. ಗಂಡಸಿನ ಲೆಕ್ಕದಲ್ಲಿ ಏನಾದರೂ ಬೇಡವೇ? ದೇವರ ಪಟ ಬಿಡೋಣವೆಂದರೆ ಅವರ ದೇವರು ಬೇರೆ ಮೊಳೆಗೆ ತೂಗುವವನು. ನಾನೇ ಬರೆದು ನಾನೇ ಅಚ್ಚು ಹಾಕಿಸಿ ಬಹುಮಟ್ಟಿಗೆ ನಾನೇ ಕೊಂಡುಕೊಂಡ ವ್ಯಾಕರಣದ ಪುಸ್ತಕದ ಒಂದು ಪ್ರತಿಯನ್ನು ಇಡುತ್ತೇನೆಂದೆ. ಅಂಬುಜಮ್ಮನವರು, “ಪಾಪ, ಅವರು ನಮಗೇನು ಅನ್ಯಾಯ ಮಾಡಿದಾರೆ?” ಎಂದರು.

ಆ ಹೊತ್ತಿಗೆ ಸಾಮಾನೆಲ್ಲ ಗಾಡಿಗೇರಿತ್ತು. ತಾವೂ ಬಿದಿರಿನ ಬುಟ್ಟಿಯಲ್ಲಿ ಏರಿದ್ದಿರಿ. ನೊಗ ಹೂಡಲು ಬಗ್ಗಿದ ಗಾಡಿಯ ಮಹದೇವು ಬುಟ್ಟಿಯೊಳಗಿಂದ ತಮ್ಮ ಮಧುರ ಕಂಠ ಕೇಳಿ ಹಾಗೆಯೇ ನೆಟ್ಟಗಾಗಿ, “ಬುದ್ಧೀ, ಬೆಕ್ಕು ಅಡ್ಡ ಬಂದ್ರೆ ಗಾಡಿ ನಿಲ್ಸಿ, ಒಂದ್ ಗಳಿಗೆ ಕುಂತಿದ್ದು ಓಯ್ತೀವಿ. ಬೆಕ್ಕೇ ಗಾಡೀಲಿ ಕುಂತು ಬಂದ್ರೆ ಎಲ್ಲೀಗಂಟ ಕುಂತಿರಾನ? ಇಳಿಸ್ಬುಡಿ” ಎಂದ. ಒಳಗೆ ಕೂತ ಬೆಕ್ಕು ದಾರಿಗೆ ಅಡ್ಡವೆನಿಸುವುದಿಲ್ಲ, ದಾರಿಯ ಉದ್ದಕ್ಕೂ ಸಮಾನಾಂತರವಾಗಿ ಚಲಿಸುತ್ತದೆ ಎಂದು ನಾನು ರೇಖಾಗಣಿತದಿಂದ ಸಾಧಿಸಿದೆ. ಮಹದೇವು ಒಪ್ಪಿದನೋ ಏನೋ, ಎತ್ತುಗಳು ಬಿ.ಎ. ಓದಿರಲಿಲ್ಲ, ಒಂದು ಹೆಜ್ಜೆ ಕದಲಲಿಲ್ಲ. ತಮ್ಮನ್ನು ಬುಟ್ಟಿಸಮೇತ ಜಗಲಿಯ ಮೇಲೆ ಇಳಿಸಬೇಕಾಯಿತು. ಅದೇ ಸಮಯಕ್ಕೆ ಸರಿಯಾಗಿ ಬೀದಿಯ ತಿರುವಿನಲ್ಲಿ ಆರೋಗ್ಯಪ್ಪ ದಂಪತಿಗಳು ಕಾಣಿಸಿದರು. ಬಿಟ್ಟುಹೋಗಲೇಬೇಕಾದದ್ದನ್ನು ಕೊಟ್ಟುಹೋಗುವುದೆಂದು ಕರೆಯಲು ಎಷ್ಟು ಹೊತ್ತು ಬೇಕು? ಜರಿ ಹರಿದೆ, ಕಟ್ಟಿದೆ, ಕೊಟ್ಟೆ.

“ಮನೆ ಜೊತೆ ಬೆಕ್ಕೂ ಕ್ರಯಕ್ಕೆ ಸೇರಿತ್ತಾ ಮೇಷ್ಟ್ರೇ?” ಎಂದು ಆರೋಗ್ಯಪ್ಪನವರು ತಬ್ಬಿಬ್ಬಾದರು. ಆದರೆ ಕ್ಲಾರಾ ಅವರು ತಮ್ಮನ್ನು ಎದೆಗವಚಿಕೊಂಡು, “ಸುಮ್ಕಿರ್ರೀ. ಗುರ್ತಿಲ್ಲದ ಮನೇಲಿ ನಮಗೆ ಒಂದು ಗುರ್ತಿನ ಮುಖ ಬಿಟ್ಟು ಹೋಗ್ತಾ ಇದಾರೆ, ಇಂಥ ಮನಸ್ಸು ಯಾರಿಗೆ ಬರುತ್ತೆ?” ಎಂದು ಕಣ್ಣು ಒದ್ದೆ ಮಾಡಿಕೊಂಡರು. ನಾನು ವಿನಯದಿಂದ ನೆಲ ನೋಡಿದೆ. ಅಂಬುಜಮ್ಮನವರು ನನ್ನನ್ನೇ ನೋಡಿದರು. ಆ ನೋಟದ ಅರ್ಥ ತಮಗೂ ಗೊತ್ತು. ಹಾಲಿನ ಪಾತ್ರೆ ಬರಿದಾದ ದಿನಗಳಲ್ಲಿ ತಾವೂ ಅದನ್ನು ಅನುಭವಿಸಿದವರೇ.

ಇನ್ನು ಮುಂದಿನ ಕೋಣೆಯ ವಿಚಾರ. ಹೊಸ ಮನೆಯ ಬೀದಿಯ ಕಡೆಗೆ ದೊಡ್ಡ ಕಿಟಕಿಯಿರುವ ಒಂದು ಕೋಣೆಯಿದೆ. ಅದನ್ನು ನನ್ನ ಪುಸ್ತಕಗಳಿಗೆಂದು ನಾನೂ, ತನ್ನ ಹಾರ್ಮೋನಿಯಂ ಪಾಠಗಳಿಗೆಂದು ನನ್ನಾಕೆಯೂ, ತಳಪಾಯ ತೋಡಿದ ದಿನದಿಂದ ಮನಸ್ಸಿನಲ್ಲೇ ಆಕ್ರಮಿಸಿಕೊಂಡಿದ್ದೆವು. ಗಾಡಿ ಹೊರಟಾಗ ಆಕೆ ಸೆರಗಿನಿಂದ ಕಣ್ಣೊರಸಿಕೊಂಡದ್ದನ್ನು ನೋಡಿ ನಾನು, ಮನೆಯೆಂದರೆ ಇಟ್ಟಿಗೆ ಗಾರೆ, ಗೋಡೆಯ ಮೋಹ ಬೆಕ್ಕಿನ ಜಾತಿಗೆ ಮಾತ್ರ ಸಲ್ಲತಕ್ಕದ್ದು, ವಿದ್ಯಾವಂತನ ಮನಸ್ಸಿಗೆ ಮನೆಯಿಲ್ಲ ಎಂದು ಒಂದು ಭಾಷಣ ಮಾಡಿದೆ. ಆಕೆ, “ಅಳೋದು ನಾನು ಒಂದೇ ಸಲ, ಇಲ್ಲೇ ಅತ್ತು ಮುಗಿಸ್ತೀನಿ. ನೀವು ಅಳಲ್ಲ. ಅದಕ್ಕೇ ವಾಪಸ್ ಬರೋರು ನೀವೇ ಕಣ್ರೀ, ನೋಡ್ತಾ ಇರಿ” ಎಂದಳು. ಪಂಥವಾಯಿತು. ದಸರಾದೊಳಗೆ ಕರೆಯಿಲ್ಲದೆ ನಾನು ಹಳೆಯ ಮನೆಯ ಹೊಸಿಲು ದಾಟಿದರೆ ಕೋಣೆ ಹಾರ್ಮೋನಿಯಂಗೆ, ದಾಟದಿದ್ದರೆ ಪುಸ್ತಕಗಳಿಗೆ. ಅಲ್ಲಿಯವರೆಗೆ ಕೋಣೆಗೆ ಬೀಗ, ಕೀಲಿ ಆಕೆಯ ಸೊಂಟಕ್ಕೆ, ನನ್ನ ಪುಸ್ತಕಗಳು ನಡುಮನೆಯ ಮೂಲೆಗೆ, ಹಾರ್ಮೋನಿಯಂ ಅಕ್ಕಿಚೀಲದ ಮೇಲಕ್ಕೆ.

ನಾನು ಒಂದೇ ಒಂದು ತಿದ್ದುಪಡಿ ಸೂಚಿಸಿದೆ. ಕೊಟ್ಟ ಉಡುಗೊರೆಯ ಬಗ್ಗೆ ಆರೋಗ್ಯಪ್ಪನವರಿಂದ ದೂರು ಬಂದಲ್ಲಿ, ಕೊಟ್ಟವನ ಜವಾಬ್ದಾರಿಯೆಂದು ಹೋಗಿ ವಿಚಾರಿಸಿ ಬರಬಹುದು. ಅದು ಪಂಥಕ್ಕೆ ಸೇರತಕ್ಕದ್ದಲ್ಲ. ಆಕೆ ನಗುತ್ತಾ, “ಆ ಕಳ್ಳನ ಮೇಲೆ ವಾರಕ್ಕೊಂದು ದೂರು ಬರುತ್ತೆ ಬಿಡಿ” ಎಂದು ಒಪ್ಪಿದಳು. ಮಾನ್ಯರೇ, ನಾನು ನಂಬಿದ್ದು ತಮ್ಮ ಪೂರ್ವಚರಿತ್ರೆಯನ್ನು. ಅದೇನು ಸಾಮಾನ್ಯವಾದ ಚರಿತ್ರೆಯೇ? ನಮ್ಮಲ್ಲಿದ್ದಾಗ ತಾವು ಹಾಲನ್ನು ಹಾಳು ಮಾಡದ ದಿನವಿರಲಿಲ್ಲ. ಇಲಿ ಇಲ್ಲಿದೆ ಎಂದು ನಾನು ಬೆರಳು ಮಾಡಿ ತೋರಿಸಿದರೆ ತಾವು ಬೆರಳನ್ನು ಮೂಸಿ, ಇಲಿಯನ್ನು ಬಿಡುತ್ತಿದ್ದಿರಿ. ಹಾರ್ಮೋನಿಯಂನ ತಿದಿ ಅಲುಗಿದರೆ ಸಾಕು, ಹಿತ್ತಿಲ ಗೋಡೆ ಹಾರಿ ಪರಾರಿ. ಆ ಒಂದು ವಿಷಯದಲ್ಲಿ ನಮ್ಮಿಬ್ಬರ ಅಭಿರುಚಿ ಒಂದೇ ಆಗಿತ್ತೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಸಂಜೆ ನಾನು ಪಡಸಾಲೆಯ ಗೂಟಕ್ಕೆ ಪೇಟ ತಗುಲಿಸಿದರೆ ಅದನ್ನು ಕೆಡವಿ, ಅದರ ಗುಳಿಯಲ್ಲಿ ಸುರುಳಿಸುತ್ತಿ ಪಟ್ಟಕ್ಕೇರಿದಂತೆ ಮಲಗಿ, ಬೆಳಿಗ್ಗೆ ನಾನು ಪಾಠ ಹೇಳುವಾಗ ಹುಡುಗರು ವ್ಯಾಕರಣ ಬಿಟ್ಟು ನನ್ನ ಪೇಟದ ಮೇಲಿನ ತಮ್ಮ ಕೂದಲುಗಳನ್ನು ದಿಟ್ಟಿಸುವಂತೆ ಮಾಡುತ್ತಿದ್ದಿರಿ. ಪಟ್ಟಾಭಿಯೆಂದು ತಮಗೆ ಹೆಸರು ಬಂದದ್ದೇ ಆ ಪೇಟದಿಂದ.

ಇಂಥವರಿಂದ ದೂರು ಬರುವುದಿಲ್ಲವೆಂದು ಯಾರು ತಾನೇ ಊಹಿಸಿಯಾರು?

ಪಟ್ಟಾಭಿಯವರೇ, ತಾವು ನನಗೆ ಮೋಸ ಮಾಡಿದಿರಿ. ತಾವು ಒಳ್ಳೆಯವರಾಗಿಬಿಟ್ಟಿರಿ. ಚರ್ಚಿನ ಸ್ವಾಮಿಗಳು ಬಂದು ತೀರ್ಥ ಚಿಮುಕಿಸಿ ಮನೆಯನ್ನು ಮಂತ್ರಿಸಿದಾಗ, ನೀರಿನ ಹನಿ ಕಂಡರೆ ಅಟ್ಟ ಹತ್ತುತ್ತಿದ್ದ ತಾವು ಮೈಮೇಲೆ ಬಿದ್ದ ಹನಿಗಳನ್ನು ಭಕ್ತಿಯಿಂದ ನೆಕ್ಕಿಕೊಂಡಿರಂತೆ. ಸ್ವಾಮಿಗಳು ಮೆಚ್ಚಿ ತಲೆ ಸವರಿದರಂತೆ. ನಮ್ಮಲ್ಲಿ ಶುಕ್ರವಾರ ಮೊಸರನ್ನ ಇಟ್ಟರೆ ಮುಖ ತಿರುಗಿಸುತ್ತಿದ್ದವರು, ಅವರಲ್ಲಿ ಶುಕ್ರವಾರ ಮಾಂಸದ ಕಡೆ ಕಣ್ಣೆತ್ತಿಯೂ ನೋಡದೆ ಮೀನಿನಿಂದಲೇ ವ್ರತ ಸಾಗಿಸುವಿರಂತೆ. ಅಂದು ಅವರ ಮನೆಯಲ್ಲಿ ಮಾಂಸ ಬೇಯಿಸುವುದೇ ಇಲ್ಲವೆಂಬ ಅಂಶ ತಮ್ಮ ನಿಷ್ಠೆಗೆ ಕುಂದು ತರತಕ್ಕದ್ದಲ್ಲ. ಅಟ್ಟದ ಇಲಿಗಳನ್ನೆಲ್ಲ ಬೇಟೆಯಾಡಿ, ಬಾಲ ಒಂದೊಂದನ್ನೂ ಕ್ಲಾರಾ ಅವರ ಪಾದದ ಬಳಿ ತಂದಿಟ್ಟು ಲೆಕ್ಕ ಒಪ್ಪಿಸುವಿರಂತೆ. ಆರೋಗ್ಯಪ್ಪನವರು ಸಂಜೆ ಕ್ಲಾರಿಯೋನೆಟ್ ಅಭ್ಯಾಸ ಮಾಡುವಾಗ, ಬೀದಿನಾಯಿಗಳೆಲ್ಲ ನಜರಬಾದಿನ ಕಡೆಗೆ ಗುಳೆ ಹೋದರೂ, ತಾವು ಮಾತ್ರ ಎದುರಿಗೆ ಕುಳಿತು ಕಣ್ಣು ಅರ್ಧ ಮುಚ್ಚಿ, ಬಾಲದ ತುದಿಯಿಂದ ತಾಳ ಹಾಕುವಿರಂತೆ; ಎರಡನೆಯ ರಾಗದಲ್ಲಿ ತಾಳ ಸ್ವಲ್ಪ ತಪ್ಪುತ್ತದೆ, ಆದರೂ ಪರವಾಗಿಲ್ಲ. ಹೆಸರು ಕೂಡ ಬದಲಾಗಿದೆ. ಪಾಸ್ಕ ಹಬ್ಬದ ಬೆನ್ನಿಗೆ ಬಂದವರೆಂದು ತಮ್ಮನ್ನು ಈಗ ಪಾಸ್ಕಲ್ ಎನ್ನುತ್ತಾರಂತೆ. ‘ಪಾಸ್ಕಲಪ್ಪಾ’ ಎಂದು ಕ್ಲಾರಾ ಅವರು ಕೂಗಿದರೆ ತಾವು ಓಡಿ ಬರುವಿರಿ. ನಾನು ಪಟ್ಟಾಭಿ ಎಂದು ವರ್ಷಗಟ್ಟಲೆ ಕೂಗಿದೆ. ತಾವು ಒಮ್ಮೆಯಾದರೂ ಕಿವಿಯನ್ನು ತಿರುಗಿಸಿದ ನೆನಪಿಲ್ಲ.

ಹೊಸಿಲು ದಾಟದವನಿಗೆ ಇಷ್ಟೆಲ್ಲ ಹೇಗೆ ತಿಳಿಯಿತೆಂದು ಕೇಳಬೇಡಿ. ವಿದ್ಯಾವಂತರಿಗೆ ಸುದ್ದಿಯ ಮೂಲಗಳಿರುತ್ತವೆ.

ನನ್ನ ಪರಿಸ್ಥಿತಿಯನ್ನು ತಾವು ವಿಚಾರಮಾಡಬೇಕು. ಆ ಮನೆಯ ಮೇಲೆ ನನಗೆ ಯಾವ ಮೋಹವೂ ಇಲ್ಲವೆಂದು ಮೇಲೆ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಹಿತ್ತಿಲ ಸೀಬೆಗಿಡ ಈ ಸಲ ಕಾಯಿ ಬಿಟ್ಟಿದೆಯೇ ಎಂದು ತಿಳಿಯಬೇಕೆನಿಸುವುದು ಶುದ್ಧ ಸಸ್ಯಶಾಸ್ತ್ರದ ಆಸಕ್ತಿ. ಗಾಳಿ ಬೀಸಿದಾಗ ಅಡಿಗೆಮನೆಯ ಬಾಗಿಲು ಈಗಲೂ ಕೆಮ್ಮುವುದೋ ಇಲ್ಲವೋ ಎಂಬುದು ಮರಗೆಲಸಕ್ಕೆ ಸಂಬಂಧಿಸಿದ ಪ್ರಶ್ನೆ. ಆ ಮನೆಯ ತಲೆಬಾಗಿಲು ಗಿಡ್ಡ. ಬಗ್ಗದೆ ಹೋದ ದಿನವೆಲ್ಲ ನನ್ನ ಹಣೆಗೆ ಪೂಜೆಯಾಗುತ್ತಿತ್ತು. ಹೊಸ ಮನೆಯ ಬಾಗಿಲಲ್ಲಿ ಆನೆಯೊಂದು ಅಂಬಾರಿಸಮೇತ ನುಗ್ಗಬಹುದು. ಆದರೂ ನಾನು ಈ ಬಾಗಿಲಲ್ಲೂ ದಿನಾ ಬಗ್ಗುತ್ತೇನೆ, ಎದುರುಮನೆಯವರು ತಮಗೆ ನಮಸ್ಕಾರ ಮಾಡಿದೆನೆಂದು ತಿಳಿದು ದಿನಾ ತಿರುಗಿ ನಮಸ್ಕರಿಸುತ್ತಾರೆ. ಇದು ಬೆನ್ನುಮೂಳೆಯ ಅಭ್ಯಾಸವೇ ಹೊರತು ಮನಸ್ಸಿನದಲ್ಲ.

ಹೀಗಿರುವಲ್ಲಿ, ಒಂದೇ ಒಂದು ದೂರಿಗಾಗಿ ನಾನು ಕಿವಿ ಚಾಚಿ ಕುಳಿತಿದ್ದೇನೆ. ಆಷಾಢ ಬಂದಿತು, ದೂರು ಬರಲಿಲ್ಲ. ಅಂಬುಜಮ್ಮನವರು ಕೀಲಿಗೊಂಚಲನ್ನು ಅಲ್ಲಾಡಿಸುತ್ತಾ, “ಏನ್ರೀ, ನಿಮ್ಮ ಉಡುಗೊರೆ ತುಂಬಾ ಚೆನ್ನಾಗಿ ನಡ್ಕೋತಾ ಇದೆಯಂತೆ?” ಎಂದು ಕೇಳುವಾಗ, ಕೊಟ್ಟವನಾಗಿ ಹಿಗ್ಗಬೇಕೋ ಪಣ ಇಟ್ಟವನಾಗಿ ಕುಗ್ಗಬೇಕೋ ತಿಳಿಯದೆ ನಾನು ಚರ್ಚಾಸಂಘದ ಕೆಲಸವಿದೆಯೆಂದು ಎದ್ದುಹೋಗುತ್ತೇನೆ. ನಮ್ಮ ಶಾಲೆಯ ಚರ್ಚಾಸಂಘ ಈ ವರ್ಷ ಸಂಜೆಯ ಹೊತ್ತು ಬಹಳ ಚುರುಕಾಗಿದೆ.

ಆದುದರಿಂದ ಕೆಳಕಂಡ ಬಿನ್ನಹಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ದಯಮಾಡಿ ಒಂದು ದಿನವಾದರೂ, ಒಂದು ಬಟ್ಟಲಿನಷ್ಟಾದರೂ ಹಾಲು ಕದಿಯಿರಿ. ಹೊಟ್ಟೆ ತುಂಬಿದ್ದರೆ ಚೆಲ್ಲಿದರೂ ಸಾಕು. ಹಿಡಿದ ಇಲಿಗಳಲ್ಲಿ ವೃದ್ಧರೂ ಸಭ್ಯರೂ ಆದ ಯಾರನ್ನಾದರೂ ಬಿಡುಗಡೆ ಮಾಡಿ, ಕ್ಲಾರಾ ಅವರ ಅಕ್ಕಿಡಬ್ಬಿಯ ದಾರಿ ತೋರಿಸಿ. ಮುಂದಿನ ಸಲ ಸ್ವಾಮಿಗಳು ಬಂದಾಗ ಅವರ ಟೋಪಿಯ ಮೇಲೆ ಕೂರುವ ಸಾಧ್ಯತೆಯನ್ನು ಪರಿಶೀಲಿಸಿ. ಕ್ಲಾರಿಯೋನೆಟ್ ಮುಗಿದ ಮೇಲೆ ಮೆಚ್ಚುಗೆಯಿಂದ ಬಾಲ ಆಡಿಸುವುದರ ಬದಲು, ಯಾವ ಬ್ಯಾಂಡಿನವರೂ ಕ್ಷಮಿಸಲಾರದಂಥ ಒಂದು ಆಕಳಿಕೆ ತೆಗೆಯಿರಿ. ಇದಾವುದೂ ತಮ್ಮ ಈಗಿನ ಅಂತಸ್ತಿಗೆ ತಕ್ಕದ್ದಲ್ಲವೆಂದು ಕಂಡರೆ, ತಾವೇ ಒಂದು ದೂರನ್ನು ತಮ್ಮ ಮೇಲೆ ಬರೆದು, ಪಂಜದ ಗುರುತು ಹಾಕಿ, ಆರೋಗ್ಯಪ್ಪನವರ ಮೂಲಕ ಯಥಾಕ್ರಮದಲ್ಲಿ ನನಗೆ ತಲುಪಿಸಿ. ನಾನು ತಕ್ಷಣ ಕೊಡೆ ಹಿಡಿದು ಹೊರಡುತ್ತೇನೆ. ಅಂಬುಜಮ್ಮನವರ ಎದುರಿಗೇ, ತಲೆ ಎತ್ತಿಕೊಂಡು, ಹಗಲು ಬೆಳಕಿನಲ್ಲಿ ಹೊರಡುತ್ತೇನೆ. ಆ ಗಿಡ್ಡ ಬಾಗಿಲಲ್ಲಿ ಬೇಕಾದರೆ ಒಮ್ಮೆ ಹಣೆಯನ್ನೂ ಹೊಡೆಸಿಕೊಳ್ಳುತ್ತೇನೆ.

ಇಷ್ಟು ಕಷ್ಟಗಳ ನಡುವೆಯೂ ಒಂದು ಮಾತನ್ನು ಹೆಮ್ಮೆಯಿಂದ ದಾಖಲಿಸಬಯಸುತ್ತೇನೆ. ಮನೆ ಮಾರಿದಂದಿನಿಂದ ಈ ಪತ್ರ ಬರೆಯುತ್ತಿರುವ ಗಳಿಗೆಯವರೆಗೆ, ದೊರೆಸ್ವಾಮಿಯು ಕೊಟ್ಟ ಮಾತಿಗೆ ತಪ್ಪಿಲ್ಲ, ಹಿಂದಿರುಗಿ ನೋಡಿಲ್ಲ, ಗೋಡೆಯ ಮೋಹ ಯಾರ ಜಾತಿಗೆ ಸೇರಿದ್ದೆಂಬುದನ್ನು ಲೋಕವೇ ಕಾಣಲಿ. ದಸರಾ ಹತ್ತಿರವಾಗುತ್ತಿದೆ. ಕಪಾಟಿನ ಅಳತೆಯನ್ನು ಬಡಗಿಗೆ ಕೊಟ್ಟಾಗಿದೆ.

ಹಾಲಿನಷ್ಟು ಬಿಳಿಯ ಮನಸ್ಸುಳ್ಳ,
ಹಾಲನ್ನು ತಮಗೆ ಮೀಸಲಾಗಿಟ್ಟಿದ್ದ,
ತಮ್ಮ ವಿಶ್ವಾಸಿ,
ದೊರೆಸ್ವಾಮಿ, ಬಿ.ಎ.,
ಒಂಟಿಕೊಪ್ಪಲು

ಮರೆತ ಮಾತು: ಮೇಲಿನ ಪತ್ರವನ್ನು ಅಚ್ಚಿಗೆ ಕೊಡಬೇಕೆನ್ನುವಷ್ಟರಲ್ಲಿ ಒಂದು ಸಣ್ಣ ತಿದ್ದುಪಡಿ ಅಗತ್ಯವಾಯಿತು. ಅದಕ್ಕೂ ಕಾರಣರು ತಾವೇ.

ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ, ಈ ಪತ್ರದ ಕೊನೆಯ ವಾಕ್ಯವೃಂದವನ್ನು ಮನಸ್ಸಿನಲ್ಲಿ ಕಡೆಯುತ್ತಾ ನಡೆದೆ. ‘ಹಿಂದಿರುಗಿ ನೋಡಿಲ್ಲ’ ಎಂಬಲ್ಲಿಗೆ ಬರುವಾಗ ಕಾಲುಗಳು ಬಗ್ಗು ಎಂದವು, ಬಗ್ಗಿದೆ. ಕೈ ಪೇಟವನ್ನು ಗೂಟಕ್ಕೆ ತಗುಲಿಸಿತು. ದೇಹ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿತು. ಬಾಯಿ, “ಅಂಬುಜಾ, ಕಾಫಿ” ಎಂದಿತು. ಕಾಫಿ ಬಂತು. ತಂದವರು ಕ್ಲಾರಾ ಅವರು. ಕಾಫಿಗೆ ಜಾತಿಯಿಲ್ಲವೆಂದು ಕಾಲೇಜಿನಲ್ಲಿ ವಾದಿಸಿ ಪದಕ ಪಡೆದವನಾದ್ದರಿಂದ ಕುಡಿದೆ, ಹದವಾಗಿತ್ತು. ತಾವು ಒಲೆಕಟ್ಟೆಯ ಮೇಲಿಂದ ನೋಡುತ್ತಿದ್ದಿರಿ. ಎದ್ದು ಬರುವಾಗ ಏನೋ ಹಗುರವೆನಿಸಿತು; ಪೇಟೆಯನ್ನು ಬಿಟ್ಟವನು ಪೇಟವನ್ನೂ ಬಿಟ್ಟು ಬಂದಿದ್ದೇನೆಂದು ಮನೆ ಸೇರಿದ ಮೇಲೆ, ಅಂಬುಜಮ್ಮನವರು ನನ್ನ ಬೋಳುತಲೆಯನ್ನು ನೋಡಿದಾಗ ಗೊತ್ತಾಯಿತು. ಚರ್ಚಾಸಂಘದಲ್ಲಿ ಮರೆತೆನೆಂದೆ. ಚರ್ಚಿನ ಮಗ್ಗುಲಿನ ಮನೆಯಾದ್ದರಿಂದ ಅದು ಪೂರಾ ಸುಳ್ಳಲ್ಲ.

ಇವತ್ತು ಬೆಳಿಗ್ಗೆ ಆರೋಗ್ಯಪ್ಪನವರು ಸ್ವತಃ ಒಂಟಿಕೊಪ್ಪಲಿಗೆ ಬಂದರು. ಬರಿಗೈ. ಅಂಬುಜಮ್ಮನವರು ಬಾಗಿಲಲ್ಲೇ ನಿಂತಿದ್ದರು. ಅವರ ಎದುರಿಗೆ, ಆ ನಿಷ್ಕಪಟಿ ಮನುಷ್ಯ, “ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ನಿಮ್ಮ ಬೆಕ್ಕಿನ ಮೇಲೆ ಒಂದು ದೂರು ಹೇಳಕ್ಕೆ ಬಂದೆ” ಎಂದರು. ನನ್ನ ಜೀವ ಗಾಳಿಪಟವಾಯಿತು. ಬಂದಿತು, ಕೊನೆಗೂ ದೂರು ಬಂದಿತು! “ನಿಮ್ಮ ಪೇಟಾನ ಕೆಡವ್ಕೊಂಡು ಅದರಲ್ಲೇ ಮಲಗಿಬುಟ್ಟಿದೆ. ತಗೊಂಡ್ ಬರಾಣ ಅಂತ ಕೈ ಹಾಕಿದ್ರೆ ಉಗುರು ತೋರಿಸುತ್ತೆ. ಕ್ಲಾರಾ ಕರೆದ್ರೂ ಏಳ್ತಿಲ್ಲ, ಮೀನು ಇಟ್ರೂ ಏಳ್ತಿಲ್ಲ.” ಇಲ್ಲಿಗೆ ಆ ಮಹಾನುಭಾವರು ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. “ಅದಕ್ಕೇನ್ ಬಿಡಿ, ಹೆಂಗೂ ದಿನಾ ಸಾಯಂಕಾಲ ಕಾಫಿಗೆ ಬರ್ತೀರಲ್ಲ, ಅವಾಗ ನೀವೇ ಎಬ್ಬಿಸ್ಕೊಳ್ಳಿ” ಎಂದರು.

ಮೊದಲ ದಿನದ್ದು ಮರೆವೇ, ತಮ್ಮ ಮೀಸೆಯಾಣೆ. ಮಿಕ್ಕ ದಿನಗಳದ್ದನ್ನು ಏನೆಂದು ಕರೆಯಬೇಕೋ ನನ್ನ ವ್ಯಾಕರಣದ ಪುಸ್ತಕದಲ್ಲಿ ಇಲ್ಲ. ಅಂಬುಜಮ್ಮನವರು ಸೊಂಟದಿಂದ ಕೀಲಿ ತೆಗೆದು, ಅಕ್ಕಿಚೀಲದ ಮೇಲಿಂದ ಹಾರ್ಮೋನಿಯಂ ಎತ್ತಿಕೊಂಡು, ಆರೋಗ್ಯಪ್ಪನವರನ್ನೇ ಇನ್ನೊಂದು ಕಡೆ ಹಿಡಿಯಲು ಹೇಳಿ, ಮುಂದಿನ ಕೋಣೆಗೆ ನಡೆದರು. ಈ ಮರೆತ ಮಾತನ್ನು ನಾನು ಹಿಂದಿನ ಸೌದೆಮನೆಯಲ್ಲಿ, ಪುಸ್ತಕಗಳ ಗಂಟಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸರಿಗಮ ಇಲ್ಲಿಗೂ ಕೇಳಿಸುತ್ತಿದೆ.

ಮೇಲಿನ ಬಿನ್ನಹಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಒಂದೇ ಪ್ರಾರ್ಥನೆ: ಸಂಜೆ ನಾನು ಬಂದು ಎಷ್ಟೇ ಗದರಿಸಿದರೂ ದಯವಿಟ್ಟು ಪೇಟದಿಂದ ಏಳಬೇಡಿ. ನಾಳೆಯೂ ಅದನ್ನು ಕೇಳಲು ಬರಬೇಕಾಗಿದೆ.